ದೇವನಹಳ್ಳಿಯ ಕೋಣೆ

2025ರಲ್ಲಿ ನನ್ನ ಸೋದರಳಿಯ ಪೈಲಟ್ ಆಗಿ ನೇಮಕಗೊಂಡನು. ನೆಲೆ ಯಾವುದೆಂದು ಕೇಳಿದಾಗ ದೆಹಲಿಯನ್ನು ಬಿಟ್ಟು ಬೆಂಗಳೂರನ್ನೇ ಬರೆದುಕೊಟ್ಟನು. ಧಾರವಾಡದಲ್ಲಿ ಒಂಟಿಯಾಗಿರುವ ತಾಯಿಯೊಡನೆ ಇದ್ದುಕೊಂಡೇ ಕೆಲಸಕ್ಕೆ ಹೋಗಿಬರುವುದು ಅವನ ಎಣಿಕೆ. “ಮಾಮಾ, ಹುಬ್ಬಳ್ಳಿಯಿಂದ ವಿಮಾನದಾಗ ಬರೇ ಒಂದು ತಾಸು. ಸೀಟು ಸಿಗಲಿಲ್ಲಂದ್ರ ವಂದೇ ಭಾರತ್ ಅದ” ಎಂದನು.

ನಾನೂ ಹನ್ನೊಂದು ವರ್ಷ ಧಾರವಾಡದಿಂದ ಕಲಘಟಗಿಗೆ ಬಸ್ಸಿನಲ್ಲಿ ಓಡಾಡಿದವನು. ಬಸ್ಸು ತಪ್ಪಿದರೆ ಮೊದಲ ಪಿರಿಯಡ್ಡು ಹೋಗುತ್ತಿತ್ತು, ಅಷ್ಟೆ. (ಆಗ ಸಂತೋಷಪಟ್ಟವರು ಇದನ್ನು ಓದುತ್ತಿರಬಹುದು!) ಅವನ ಸ್ಥಿತಿ ಬೇರೆ. ನಸುಕಿನಲ್ಲಿ ಹಾರಬೇಕಾದವನು ಹಿಂದಿನ ದಿನವೇ ಊರು ಬಿಡಬೇಕು. ಸ್ಟ್ಯಾಂಡ್‌ಬೈ ಇದ್ದ ದಿನ ಕರೆ ಬಂದೊಡನೆ ನಿಲ್ದಾಣ ಮುಟ್ಟುವಷ್ಟು ಸಮೀಪದಲ್ಲಿರಬೇಕು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 2025ರ ಜುಲೈಯಿಂದ 36 ತಾಸಿನಿಂದ 48ಕ್ಕೆ ಏರಿಸಿದ್ದು ದಣಿವಾರಲೆಂದು, ಓಡಾಟಕ್ಕೆಂದಲ್ಲ.

“ದೇವನಹಳ್ಳಿ ಹತ್ರ ಕೋಣಿ ಹಿಡಿ, ಬಿಡುವಿದ್ದಾಗ ಬಾ” ಎಂದೆನು. ಅಡುಗೆಮನೆಯಿಂದ ತಂಗಿ ಕೇಳಿದಳು: “ಅಣ್ಣಾ, ನೀ ಅವ್ವನ್ನ ಬಿಟ್ಟು ಎಲ್ಲೆರೆ ಹೋಗಿದ್ದೇನು?”

ನಿಜ, ಹೋಗಿರಲಿಲ್ಲ, ಅದಕ್ಕಾಗಿ ಬಡ್ತಿಯನ್ನೂ ಬಿಟ್ಟಿದ್ದೆನು. ಆದರೆ ನನ್ನ ಬೆನ್ನ ಹಿಂದೆ 180 ಪ್ರಯಾಣಿಕರು ಕುಳಿತಿರಲಿಲ್ಲ. ಹಾಗೆಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಅವನು ಕೋಣೆ ಹಿಡಿದನು. ತಂಗಿ ಈಗ ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ. ಮಗ ಬಂದ ದಿನ ಮಾತ್ರ ರೊಟ್ಟಿ ಊಟಕ್ಕೆ ನನ್ನನ್ನೂ ಕರೆಯುತ್ತಾಳೆ.