ಕೀಲಿಕೈ ಕೊಟ್ಟವನ ಪಾಲು

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಶ್ರಾವಕನ ಎಂಟು ಮೂಲಗುಣಗಳನ್ನು ಹೇಳಿದ್ದಾರೆ. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಧರ್ಮವನ್ನು ಮರೆತವನು ಶಂಕೆಯಿಲ್ಲದೆ ಹಿಂಸೆಗೆ ಇಳಿಯುತ್ತಾನೆ ಎಂದು ಅಮೃತಚಂದ್ರಾಚಾರ್ಯರು ಕಾರಣವನ್ನೂ ತಿಳಿಸಿದ್ದಾರೆ. ಜೈನ ಮನೆತನಗಳಲ್ಲಿ ಈ ತ್ಯಾಗವು ಪರಂಪರೆಯಿಂದಲೇ ಬಂದಿರುತ್ತದೆ. ಆದುದರಿಂದಲೇ ಕುಡಿದು ವಾಹನ ನಡೆಸುವ ದೋಷವು ಅನ್ಯರದು, ಶ್ರಾವಕರಿಗೆ ಸಂಬಂಧಿಸಿದುದಲ್ಲ ಎಂಬ ಒಂದು ನಿಶ್ಚಿಂತೆಯೂ ಬೆಳೆದಿದೆ. ಈ ನಿಶ್ಚಿಂತೆ ಎಷ್ಟು ಸರಿ ಎಂಬುದನ್ನು ಮಧುಗಿರಿಯ ಒಬ್ಬ ವ್ಯಾಪಾರಿಯ ಅನುಭವದಿಂದ ವಿಚಾರಿಸಬಹುದು.

ಅವರು ಕಡಲೆಕಾಯಿ ವ್ಯಾಪಾರಸ್ಥರು. ರಾತ್ರಿಭೋಜನವನ್ನೂ ಬಿಟ್ಟ ವ್ರತನಿಷ್ಠರು. ಪಾವಗಡದ ಕಡೆಯಿಂದ ಬಂದ ಮೂಟೆಗಳನ್ನು ಒಂದು ಸಂಜೆ ಕೊರಟಗೆರೆಗೆ ಕಳುಹಿಸಬೇಕಾಗಿತ್ತು. ಅನೇಕ ವರ್ಷಗಳಿಂದ ಅವರಲ್ಲಿ ದುಡಿಯುತ್ತಿದ್ದ ಚಾಲಕನು ಕೀಲಿಕೈಗಾಗಿ ಬಂದಾಗ ಅವನ ಬಾಯಿಂದ ಮದ್ಯದ ವಾಸನೆ ಬಂದಿತು. ವ್ಯಾಪಾರಿಗಳು ಒಂದು ಕ್ಷಣ ತಡೆದರು. ಮಾತು ಕೊಟ್ಟ ಸರಕು ಆ ರಾತ್ರಿಯೇ ತಲುಪಬೇಕು. ಅವನು ನಿಂತಿದ್ದ ರೀತಿಯಲ್ಲಾಗಲಿ ಮಾತಿನಲ್ಲಾಗಲಿ ತೊದಲಿಕೆ ಇರಲಿಲ್ಲ. ಏನನ್ನೂ ಕೇಳದೆ ಕೀಲಿಕೈಯನ್ನು ಕೊಟ್ಟರು.

ಎಂಟೂಮುಕ್ಕಾಲರ ಸುಮಾರಿಗೆ, ಹೊಲದಿಂದ ಹುಲ್ಲಿನ ಹೊರೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹಿಂದಿರುಗುತ್ತಿದ್ದ ರೈತನೊಬ್ಬನಿಗೆ ಆ ವಾಹನ ತಾಗಿತು. ಪ್ರಾಣ ಉಳಿಯಿತು, ಕಾಲಿನ ಮೂಳೆ ಮುರಿಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರು ಬಂದು, ಚಾಲಕನ ಉಸಿರಿನ ಪರೀಕ್ಷೆ ನಡೆಯುವ ವೇಳೆಗೆ ಹನ್ನೊಂದೂಕಾಲು ಆಗಿತ್ತು. ಯಂತ್ರವು 24 ಎಂದು ತೋರಿಸಿತು. ಕಾನೂನಿನ ಮಿತಿ 30. ಅಜಾಗರೂಕ ಚಾಲನೆಯ ಮೊಕದ್ದಮೆ ದಾಖಲಾಯಿತಾದರೂ ಮದ್ಯಪಾನದ ಆರೋಪ ನಿಲ್ಲಲಿಲ್ಲ. ಬಂಧುಗಳು ಬಂದು, "ಸದ್ಯ, ಮಿತಿಯೊಳಗೇ ಇತ್ತು" ಎಂದು ಸಮಾಧಾನ ಹೇಳಿದರು.

ಈ ಮಿತಿಯ ಸ್ವರೂಪವನ್ನು ತಿಳಿಯುವುದು ಅವಶ್ಯಕ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಮೊದಲು ರಚನೆಯಾದಾಗ, ಚಾಲಕನ ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯಸಾರವಿದ್ದರೂ ಅಪರಾಧವೆಂದಿತ್ತು. 1994ರ ತಿದ್ದುಪಡಿಯಿಂದ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮಾತ್ರ ಅಪರಾಧವೆಂದಾಯಿತು. 2019ರ ತಿದ್ದುಪಡಿಯು ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡನ್ನೂ, ಪುನರಾವರ್ತನೆಯಾದರೆ ಎರಡು ವರ್ಷಗಳವರೆಗೆ ಸೆರೆವಾಸ, 15,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿತು. ಇಂಗ್ಲೆಂಡಿನಲ್ಲಿ ಈ ಮಿತಿ 80, ಸ್ಕಾಟ್ಲೆಂಡಿನಲ್ಲಿ 2014ರಿಂದ 50, ಸ್ವೀಡನ್ನಿನಲ್ಲಿ 20. ಗಡಿ ದಾಟಿದೊಡನೆ ಅಂಕಿ ಬದಲಾಗುತ್ತದೆ; ಮನುಷ್ಯನ ಶರೀರ ಬದಲಾಗುವುದಿಲ್ಲ.

ಅಂಗಡಿಗಳ ದೂರದ ವಿಷಯವೂ ಹೀಗೆಯೇ. ಶಿರಾ ಬಳಿ ಹಾದುಹೋಗುವಂತಹ ಹೆದ್ದಾರಿಗಳ ಅಂಚಿನಿಂದ 500 ಮೀಟರಿನೊಳಗೆ ಮದ್ಯದ ಅಂಗಡಿ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು ಆದೇಶಿಸಿತು. 2017ರಲ್ಲಿ ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಬಳಿಕ ಪುರಸಭೆಗಳ ವ್ಯಾಪ್ತಿಗೆ ಆ ನಿಷೇಧ ಅನ್ವಯಿಸದೆಂದು ಸ್ಪಷ್ಟಪಡಿಸಿತು. ರಾಜ್ಯವು ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು. ಆದರೆ ಅದು ಶಿಕ್ಷೆಯ ಗೆರೆಯೇ ಹೊರತು ನಿರ್ದೋಷತೆಯ ಗೆರೆಯಲ್ಲ.

ವ್ಯಾಪಾರಿಗಳಿಗೆ ಬಂಧುಗಳ ಸಮಾಧಾನ ಒಪ್ಪಿಗೆಯಾಗಲಿಲ್ಲ. ಪರಿಚಿತ ವೈದ್ಯರನ್ನು ವಿಚಾರಿಸಿದರು. ರಕ್ತದಲ್ಲಿರುವ ಮದ್ಯಸಾರವನ್ನು ಶರೀರವು ಗಂಟೆಗೆ ಸಾಮಾನ್ಯವಾಗಿ 10ರಿಂದ 20 ಮಿಲಿಗ್ರಾಂನಷ್ಟು ಮಾತ್ರ ಕಳೆಯಬಲ್ಲದು. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದರಿಂದಲೂ ಅದು ತ್ವರೆಗೊಳ್ಳದು ಎಂದು ವೈದ್ಯರು ತಿಳಿಸಿದರು. ಬಡ್ಡಿಯ ಲೆಕ್ಕ ಬಲ್ಲವರಿಗೆ ಈ ಲೆಕ್ಕ ಕಠಿಣವೇ? ಅಪಘಾತಕ್ಕೂ ಪರೀಕ್ಷೆಗೂ ನಡುವೆ ಎರಡೂವರೆ ಗಂಟೆ. ಅತ್ಯಂತ ಕಡಿಮೆ ದರದಲ್ಲಿ ಹಿಡಿದರೂ 25 ಕಳೆದಿರಬೇಕು. ಅಂದರೆ ಆ ರೈತನ ಸೈಕಲ್ಲಿಗೆ ವಾಹನ ತಾಗಿದಾಗ ಚಾಲಕನ ರಕ್ತದಲ್ಲಿ 49. ಸಾಧಾರಣ ದರದಲ್ಲಿ 60ಕ್ಕೂ ಮೇಲು. ಕುಡಿದುದು ಜನರು 'ನೈಂಟಿ' ಎನ್ನುವ 90 ಮಿಲಿಲೀಟರಿನ ಒಂದು ಪೊಟ್ಟಣ ಮಾತ್ರ. ಅದರಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 65 ಕಿಲೋ ತೂಕದ ಪುರುಷನು ಬರಿಹೊಟ್ಟೆಯಲ್ಲಿ ಅದನ್ನು ಕುಡಿದರೆ ಮಿತಿಯ ಎರಡರಷ್ಟು ಮುಟ್ಟಲು ಅಷ್ಟೇ ಸಾಕು. ಯಂತ್ರ ಸುಳ್ಳು ಹೇಳಿರಲಿಲ್ಲ, ತಡವಾಗಿ ಹೇಳಿತ್ತು.

ಇದಕ್ಕಿಂತ ತೀಕ್ಷ್ಣವಾದ ಮಾತನ್ನು ಚಾಲಕನೇ ಆಡಿದನು. ಮರುದಿನ ತಲೆತಗ್ಗಿಸಿ ನಿಂತು, "ಯಜಮಾನರೇ, ವಾಸನೆ ನಿಮಗೆ ತಿಳಿದಿತ್ತು. ಬೇಡವೆಂದು ಒಂದು ಮಾತು ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ. ಇಲ್ಲವೆಂದರೆ ಆ ದಿನದ ಕೂಲಿ ಹೋಗುತ್ತಿತ್ತು, ಅದಕ್ಕೇ ನಾನಾಗಿ ಹೇಳಲಿಲ್ಲ" ಎಂದನು. ವ್ಯಾಪಾರಿಗಳಲ್ಲಿ ಉತ್ತರವಿರಲಿಲ್ಲ.

ಕುಡಿಯದವನಿಗೆ ದೋಷವಿಲ್ಲವೆಂಬ ನಿಶ್ಚಿಂತೆ ಇಲ್ಲಿ ಮುರಿಯುತ್ತದೆ. ಪ್ರಮಾದದ ಯೋಗದಿಂದ ಪ್ರಾಣಕ್ಕೆ ಉಂಟಾಗುವ ಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಕೊಲ್ಲುವ ಇಚ್ಛೆ ಇರಬೇಕೆಂದಿಲ್ಲ, ಎಚ್ಚರಗೇಡಿತನ ಸಾಕು. ಆ ಹಿಂಸೆಗೆ ಕೃತ, ಕಾರಿತ, ಅನುಮೋದಿತ ಎಂದು ಮೂರು ದ್ವಾರಗಳು. ಕುಡಿದು ನಡೆಸಿದವನದು ಕೃತ; ಸರಕು ಮುಟ್ಟಿಸಲೇಬೇಕೆಂದು ಕಳುಹಿಸಿದವನದು ಕಾರಿತ; ತಿಳಿದೂ ಮೌನವಾಗಿದ್ದವನದು ಅನುಮೋದಿತ. ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದೊಂದಿದೆ. ಖಡ್ಗ, ಕೊಡಲಿ, ಬೆಂಕಿ, ವಿಷ ಮುಂತಾದ ಘಾತಕ ಸಾಧನಗಳನ್ನು ಇತರರ ಕೈಗೆ ಕೊಡುವುದೇ ಹಿಂಸಾದಾನ. ಅಮಲೇರಿದ ಕೈಗೆ ಕೊಟ್ಟ ಕೀಲಿಕೈಯನ್ನು ಈ ಪಟ್ಟಿಯಿಂದ ಹೊರಗಿಡಲು ಯಾವ ನ್ಯಾಯವಿದೆ?

ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟದಲ್ಲಿ 13ನೆಯ ಶತಮಾನದಲ್ಲಿ ಪಾರ್ಶ್ವನಾಥ ಬಸದಿ ನಿರ್ಮಾಣವಾಗಿತ್ತು. ಈ ಸೀಮೆಯ ದಾರಿಗಳಲ್ಲಿ ಸಂಚರಿಸಿದ ಮುನಿಗಳು ಈರ್ಯಾಸಮಿತಿಯಂತೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಯೇ ಹೆಜ್ಜೆ ಇಡುತ್ತಿದ್ದರು, ಅದೂ ಹಗಲಿನಲ್ಲಿ. ಇಂದು ಅದೇ ಸೀಮೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಅರ್ಧ ಸೆಕೆಂಡಿನ ಮಂಕು ಎಂಟು ಮೀಟರ್ ಕುರುಡು ಓಟಕ್ಕೆ ಸಮ. ಮಿತಿಯೊಳಗಿನ ಮದ್ಯವೂ ಆ ಮಂಕನ್ನು ತರಬಲ್ಲದು.

ವ್ಯಾಪಾರಿಗಳು ರೈತನ ಚಿಕಿತ್ಸೆಯ ವೆಚ್ಚವನ್ನೂ ಅವನು ಮತ್ತೆ ನಡೆಯುವವರೆಗಿನ ಸಂಸಾರದ ಖರ್ಚನ್ನೂ ವಹಿಸಿಕೊಂಡರು. ಅದನ್ನು ದಾನದ ಲೆಕ್ಕದಲ್ಲಿ ಬರೆಯದೆ ಸಾಲದ ಲೆಕ್ಕದಲ್ಲಿ ಬರೆದರು. ಅನಂತರ ಮಧುಗಿರಿಯ ಮಲ್ಲಿನಾಥ ಬಸದಿಯಲ್ಲಿ ಒಂದು ನಿಯಮವನ್ನು ಸ್ವೀಕರಿಸಿದರು: ಕುಡಿದವನ ಕೈಗೆ ವಾಹನ ಕೊಡುವುದಿಲ್ಲ, ಕುಡಿದಿದ್ದೇನೆಂದು ನಿಜ ಹೇಳಿದವನ ಆ ದಿನದ ಕೂಲಿಯನ್ನು ಕಡಿಯುವುದಿಲ್ಲ, ಅವನು ಮಲಗಲು ಮಂಡಿಯಲ್ಲಿ ಸ್ಥಳವಿರುತ್ತದೆ, ಸರಕು ಬೆಳಗಿನವರೆಗೆ ಕಾಯುತ್ತದೆ. ಕೂಲಿ ಕೊಟ್ಟರೆ ಕುಡಿತಕ್ಕೆ ಪ್ರೋತ್ಸಾಹವಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಿದರು. ನಿಜ ಹೇಳಿದವನಿಗೆ ನಷ್ಟವಾಗುವ ಕಡೆ ಯಾರೂ ನಿಜ ಹೇಳುವುದಿಲ್ಲ ಎಂಬುದು ಅವರ ಉತ್ತರವಾಗಿತ್ತು. ಆ ಚಾಲಕನು ಇಂದಿಗೂ ಅಲ್ಲಿಯೇ ಇದ್ದಾನೆ. ಅಂದಿನಿಂದ ಎರಡು ಬಾರಿ ತಾನಾಗಿಯೇ ಕೀಲಿಕೈಯನ್ನು ಹಿಂದಿರುಗಿಸಿದ್ದಾನೆ.

ಲಾರಿ, ಟ್ರ್ಯಾಕ್ಟರು, ಕಾರುಗಳನ್ನು ಇಟ್ಟುಕೊಂಡಿರುವ, ಮದುವೆ ಯಾತ್ರೆಗಳಿಗೆ ಬಾಡಿಗೆ ವಾಹನ ಗೊತ್ತುಮಾಡುವ ಶ್ರಾವಕ ಬಂಧುಗಳು ತಮ್ಮ ಮದ್ಯತ್ಯಾಗವನ್ನು ಸ್ವಂತ ನಾಲಿಗೆಗೆ ಮಾತ್ರ ಸೀಮಿತಗೊಳಿಸಬಾರದು. ಯಂತ್ರವು ಚಾಲಕನ ಉಸಿರನ್ನು ಅಳೆಯುತ್ತದೆ. ಕೀಲಿಕೈ ಕೊಟ್ಟವನ ಮೌನವನ್ನು ಅಳೆಯುವ ಯಂತ್ರ ಯಾವ ಠಾಣೆಯಲ್ಲಿಯೂ ಇಲ್ಲ. ಆ ಲೆಕ್ಕವನ್ನು ಅವನೇ ಪ್ರತಿ ಸಂಜೆ ಪ್ರತಿಕ್ರಮಣದ ವೇಳೆ ಬರೆದುಕೊಳ್ಳಬೇಕು.