ಕುಂಬಾರರ ಕ್ಯಾಮೆರಾ

ನನ್ನ ಹತ್ತಿರ ಗೊಣಗುವ ಕ್ಯಾಮೆರಾ ಒಂದಿದೆ. ಬಟನ್ ಒತ್ತಿದರೆ ಸಾಕು, ‘ಝುಯ್’ ಅನ್ನುತ್ತದೆ, ನಿದ್ದೆ ಕೆಡಿಸಿದ ಜೀರುಂಡೆಯ ಹಾಗೆ. ಹೆಸರು ಕಾಂಟ್ಯಾಕ್ಸ್ ಜಿ2. ಹುಟ್ಟಿದ್ದು 1996ರಲ್ಲಿ, ಅಣ್ಣ ಜಿ1 ಎರಡು ವರ್ಷ ದೊಡ್ಡವನು. ಮೈಗೆ ಟೈಟಾನಿಯಂ ಕವಚ, ಹೊಟ್ಟೆಗೆ ಫಿಲ್ಮ್ ರೀಲು, ಜೀವಕ್ಕೆ ಎರಡು ಸಿಆರ್2 ಬ್ಯಾಟರಿ. ಬ್ಯಾಟರಿ ಮುಗಿಯಿತೋ, ಇಷ್ಟು ಹಣ ಸುರಿದು ತಂದದ್ದು ಬರೀ ತೂಕದ ಬಟ್ಟು.

ಇದರ ಕುಲಗೋತ್ರ ಕೇಳಿದರೆ ತಲೆ ತಿರುಗುತ್ತದೆ. ಕಾಂಟ್ಯಾಕ್ಸ್ ಎಂಬ ಹೆಸರು ಜರ್ಮನಿಯದು. ಲೈಕಾ ಕ್ಯಾಮೆರಾಗೆ ಸೆಡ್ಡು ಹೊಡೆಯಲೆಂದು 1932ರಲ್ಲಿ ಝೈಸ್ ಐಕಾನ್ ಕಂಪನಿ ಡ್ರೆಸ್ಡೆನ್‌ನಲ್ಲಿ ಮಾಡಿದ ಕ್ಯಾಮೆರಾ ಅದು. ಮಹಾಯುದ್ಧ ಮುಗಿದ ಮೇಲೆ ಅದನ್ನು ಮಾಡುವ ಸಲಕರಣೆಗಳು ಸೋವಿಯತ್ ಪಾಲಾಗಿ, ಉಕ್ರೇನಿನಲ್ಲಿ ಅದೇ ಕ್ಯಾಮೆರಾ ‘ಕೀವ್’ ಎಂಬ ಹೆಸರು ಹೊತ್ತು ಬಂತು. ಕಾಂಟ್ಯಾಕ್ಸ್ ಎಂಬ ಹೆಸರು ಮಾತ್ರ ಎಪ್ಪತ್ತರ ದಶಕದಲ್ಲಿ ಜಪಾನಿನ ಯಾಷಿಕಾ ಮನೆ ಸೇರಿತು. ಆ ಯಾಷಿಕಾವನ್ನು 1983ರಲ್ಲಿ ಕ್ಯೋಸೆರಾ ಕೊಂಡಿತು. ಕ್ಯೋಸೆರಾ ಅಂದರೆ ಕ್ಯೋಟೊ ಸೆರಾಮಿಕ್. ನಮ್ಮ ಮಾತಲ್ಲಿ ಹೇಳುವುದಾದರೆ ಕ್ಯೋಟೊದ ಕುಂಬಾರರು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗೇ ಆಯಿತು. ಡಿಜಿಟಲ್ ದೊಣ್ಣೆ ಬಿತ್ತು. 2005ರಲ್ಲಿ ಕುಂಬಾರರು ಕ್ಯಾಮೆರಾ ವ್ಯಾಪಾರಕ್ಕೇ ಕೈಮುಗಿದರು.

ಲೆನ್ಸುಗಳು ಮಾತ್ರ ಹಳೆಯ ಮನೆತನದವು, ಕಾರ್ಲ್ ಝೈಸ್. ನನ್ನ ಪಾಲಿಗೆ ಬಂದದ್ದು 45 ಮಿ.ಮೀ. ಪ್ಲಾನಾರ್. ಈ ಪ್ಲಾನಾರ್ ವಂಶದ ಮೂಲಪುರುಷನನ್ನು ಪಾಲ್ ರುಡಾಲ್ಫ್ ರೂಪಿಸಿದ್ದು 1896ರಲ್ಲಿ. ಜೊತೆಗೆ ದೂರ ನೋಡಲು 90ರ ಸೊನಾರ್, ಅಗಲ ನೋಡಲು 21 ಮತ್ತು 28ರ ಬಯೋಗಾನ್. ಬಯೋಗಾನ್ ಲೆನ್ಸನ್ನು ಬಿಚ್ಚಿ ನೋಡಬೇಕು: ಹಿಂದಿನ ಗಾಜು ಹೊಟ್ಟೆ ಮುಂದೆ ಮಾಡಿಕೊಂಡು ಫಿಲ್ಮಿನ ಹತ್ತಿರದವರೆಗೂ ಹೋಗಿ ಕೂರುತ್ತದೆ. ಈ ಕ್ಯಾಮೆರಾದ ಒಳಗೆ ಎದ್ದು ಬೀಳುವ ಕನ್ನಡಿ ಇಲ್ಲದ್ದರಿಂದ ಈ ಸಲಿಗೆ. ಎಲ್ಲರಿಗಿಂತ ಗತ್ತಿನವನು 16ರ ಹೊಲೊಗಾನ್. ಎಫ್8ರಲ್ಲೇ ನಿಂತ ಬೆಳಕಿನ ಕಿಂಡಿ, ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಫೋಕಸ್ಸೂ ಕೈಯಲ್ಲೇ ತಿರುಗಿಸಬೇಕು. ಆ ಮನೆಯಲ್ಲಿ ಗೊಣಗದವನು ಅವನೊಬ್ಬನೇ.

ಉಳಿದವರೇಕೆ ಗೊಣಗುತ್ತಾರೆ? ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ದೂರ ಅಳೆಯಲು ಎರಡು ಕಣ್ಣು ಬೇಕು. ಕ್ಯಾಮೆರಾದಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್ ಮಾಡುವುದೂ ಅದನ್ನೇ: ಎರಡು ಕಿಂಡಿಯಿಂದ ನೋಡಿ, ಎರಡು ಬಿಂಬ ಎಷ್ಟು ಸರಿದಿವೆ ಎಂಬುದರಿಂದ ದೂರ ಲೆಕ್ಕ ಹಾಕುವುದು. ಲೈಕಾದಲ್ಲಿ ಆ ಬಿಂಬಗಳನ್ನು ನಾವೇ ಕೂಡಿಸಬೇಕು. ಇಲ್ಲಿ ಕ್ಯಾಮೆರಾ ತಾನೇ ಕೂಡಿಸಿಕೊಂಡು, ಮೋಟರಿನಿಂದ ಲೆನ್ಸನ್ನು ತಿರುಗಿಸುತ್ತದೆ. ಅದೇ ಗೊಣಗು.

ಸುಖವೇ ಸರಿ. ಆದರೆ ನಾವು ನೋಡುವ ಕಿಂಡಿ ಬೇರೆ, ಫಿಲ್ಮು ನೋಡುವ ಲೆನ್ಸು ಬೇರೆ. ನಮಗೆ ಊರೆಲ್ಲ ಸದಾ ಸ್ಪಷ್ಟ. ಫೋಕಸ್ ಎಲ್ಲಿ ಕೂತಿತೆಂದು ಹೇಳಲು ಕಿಂಡಿಯ ಅಡಿಯಲ್ಲಿ ದೂರದ ಒಂದು ಅಳತೆಪಟ್ಟಿ ಇದೆ. ಅದನ್ನು ನೋಡುವ ವ್ಯವಧಾನ ಯಾರಿಗಿದೆ?

ನನಗಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಸೋದರಮಾವನ ಮನೆ ಜಗಲಿಯಲ್ಲಿ, ಸಂಜೆ ಬೆಳಕಲ್ಲಿ, ಮಾವ ಅತ್ತೆಯನ್ನು ನಿಲ್ಲಿಸಿ ಫೋಟೊ ತೆಗೆದೆ. ಕ್ಯಾಮೆರಾ ಝುಯ್ ಅಂದಿತು, ನಾನು ಭಲೇ ಅಂದೆ. ಎರಡು ವಾರದ ಮೇಲೆ ಪ್ರಿಂಟು ಬಂತು. ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದ ರಜೆಗಳನ್ನು ಎಣಿಸಬಹುದು! ಮಾವ ಅತ್ತೆ ಮಾತ್ರ ಮಂಜಿನಲ್ಲಿ ನಿಂತ ಅಡಿಕೆ ಮರದ ಹಾಗೆ. ಕ್ಯಾಮೆರಾದ್ದೇನು ತಪ್ಪು? ಅದು ನೋಡುವುದು ನಟ್ಟನಡುವಿನ ಚೌಕವನ್ನು. ಇವರಿಬ್ಬರ ನಡುವೆ ಮರ್ಯಾದೆಯ ಒಂದಡಿ ಜಾಗವಿತ್ತು. ಕ್ಯಾಮೆರಾದ ಕಣ್ಣು ಆ ಸಂದಿಯಲ್ಲಿ ತೂರಿ ಗೋಡೆ ಮುಟ್ಟಿತು. ಮೊದಲು ಒಬ್ಬರ ಮುಖಕ್ಕೆ ಗುರಿಯಿಟ್ಟು, ಬಟನ್ ಅರ್ಧ ಒತ್ತಿ ಹಿಡಿದು, ಆಮೇಲೆ ಚೌಕಟ್ಟು ಸರಿಮಾಡಿಕೊಳ್ಳಬೇಕಿತ್ತು. ದೂರ ಅಳೆಯುವುದು ಅದರ ಕೆಲಸ. ಯಾರನ್ನು ನೋಡಬೇಕೆಂದು ಹೇಳುವುದು ನನ್ನ ಕೆಲಸ.

ಮುಂದಿನ ಸಲ ಹೋದಾಗ ಅದೇ ಜಗಲಿ. ಅರ್ಧ ಒತ್ತುವ ವಿದ್ಯೆ ಗೊತ್ತಿದ್ದರೂ ಬಾಯಿಂದ ಬಂದದ್ದು ಬೇರೆ: “ಅತ್ತೆ, ಸ್ವಲ್ಪ ಹತ್ತಿರ ನಿಂತ್ಕೊಳ್ಳಿ.”

“ಎಂಥ ಮಾರಾಯ, ಮದುವೆ ಫೋಟೊದಲ್ಲೇ ಇಷ್ಟು ದೂರ ನಿಂತವರು ನಾವು,” ಎಂದರು ಅತ್ತೆ. ಮಾವ ಏನೂ ಹೇಳಲಿಲ್ಲ. ಪಂಚೆ ಸರಿಮಾಡಿಕೊಳ್ಳುವ ನೆವದಲ್ಲಿ ಅರ್ಧ ಹೆಜ್ಜೆ ಇತ್ತ ಸರಿದರು.

ಝುಯ್.