ಲಂಗರು ಮುದ್ರೆಯ ಬಿಯರ್

ಮದ್ಯದ ಮಾತನ್ನು ಸದ್ಗೃಹಸ್ಥರ ಜಗಲಿಯ ಮೇಲೆ ಎತ್ತಿದರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೆ ಬಿಯರ್ ಹುಟ್ಟುವ ಬಗೆಯನ್ನು ವಿಚಾರಿಸಿದರೆ ಅದರಲ್ಲಿ ಮನೆಯ ಹೆಂಗಸರಿಗೆ ಅಪರಿಚಿತವಾದುದು ಬಹಳವಿರದು. ರಾಗಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿಯುವಂತೆಯೇ ಅಲ್ಲಿ ಬಾರ್ಲಿಯನ್ನು ಹದಮಾಡುತ್ತಾರೆ. ಮೊಳೆತ ಕಾಳಿನೊಳಗಿನ ಪಿಷ್ಟವು ಬಿಸಿನೀರಿನಲ್ಲಿ ಸಕ್ಕರೆಯಾಗಿ ಕರಗುತ್ತದೆ; ಆ ಸಿಹಿರಸವನ್ನು ಹಾಪ್ ಎಂಬ ಬಳ್ಳಿಯ ಕಹಿಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಎಂಬ ಸೂಕ್ಷ್ಮಜೀವಿಯ ವಶಕ್ಕೆ ಒಪ್ಪಿಸುತ್ತಾರೆ. ಮುಂದಿನ ಕೆಲಸ ಮನುಷ್ಯನದಲ್ಲ. ದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬುವುದು ಗೃಹಿಣಿಯ ಆಜ್ಞೆಯಿಂದಲ್ಲವಷ್ಟೆ. ಅವಳು ಮಾಡಬಹುದಾದುದು ಪಾತ್ರೆಯನ್ನು ಶುಚಿಯಾಗಿಡುವುದು, ಚಳಿ ಸೆಕೆಗಳನ್ನು ಗಮನಿಸುವುದು, ಇಷ್ಟೇ. ಈ ‘ಇಷ್ಟೇ’ ಎಂಬ ಮಾತಿನಲ್ಲಿ ಎಷ್ಟು ಕಷ್ಟ ಅಡಗಿದೆಯೆಂಬುದಕ್ಕೆ ಅಮೆರಿಕೆಯ ಸಾನ್ ಫ್ರಾನ್ಸಿಸ್ಕೋ ನಗರದ ಒಂದು ಸಣ್ಣ ಬ್ರೂಯರಿಯ ಚರಿತ್ರೆಯೇ ಸಾಕ್ಷಿ.

ಅದರ ಹೆಸರು ಆಂಕರ್, ಎಂದರೆ ಲಂಗರು. ಚಿನ್ನದ ಹಂಬಲದಿಂದ ೧೮೪೯ನೆಯ ಇಸವಿಯಲ್ಲಿ ಜನ ನುಗ್ಗಿ ಬಂದ ಊರು ಅದು. ಬಂದವರಿಗೆಲ್ಲ ಚಿನ್ನ ಸಿಕ್ಕಲಿಲ್ಲ, ಬಾಯಾರಿಕೆ ಮಾತ್ರ ಎಲ್ಲರಿಗೂ ಇದ್ದಿತು. ಗಾಟ್‌ಲೀಬ್ ಬ್ರೆಕ್ಲೆ ಎಂಬ ಜರ್ಮನನು ೧೮೭೧ರಲ್ಲಿ ಒಂದು ಹಳೆಯ ಪಾನಗೃಹವನ್ನು ಕೊಂಡು ಅದನ್ನು ಬ್ರೂಯರಿಯಾಗಿ ಮಾರ್ಪಡಿಸಿದನು. ೧೮೯೬ರಲ್ಲಿ ಅದು ಕೈಬದಲಾಯಿಸಿ ಲಂಗರಿನ ಹೆಸರನ್ನು ಪಡೆಯಿತು. ಆ ಬಳಿಕದ ಕಥೆಯನ್ನು ಓದಿದರೆ, ಲಂಗರೆಂದು ಹೆಸರಿಟ್ಟುದು ವಿಧಿಗೆ ಸವಾಲಾಗಿ ಕೇಳಿಸಿತೋ ಏನೋ ಎನ್ನಿಸುತ್ತದೆ. ೧೯೦೬ರ ಭೂಕಂಪದ ಹಿಂದೆಯೇ ಎದ್ದ ಬೆಂಕಿಯಲ್ಲಿ ಕಟ್ಟಡವು ಸುಟ್ಟುಹೋಯಿತು. ೧೯೨೦ರಿಂದ ೧೯೩೩ರವರೆಗೆ ದೇಶಕ್ಕೆ ದೇಶವೇ ಪಾನನಿಷೇಧದಲ್ಲಿದ್ದಿತು. ನಿಷೇಧವು ತೊಲಗಿದ ಮರುವರ್ಷವೇ ಮತ್ತೊಮ್ಮೆ ಬೆಂಕಿ. ೧೯೫೯ರಲ್ಲಿ ಬಾಗಿಲು ಮುಚ್ಚಿ, ೧೯೬೦ರಲ್ಲಿ ಬೇರೊಬ್ಬನ ಕೈಯಲ್ಲಿ ಹೇಗೋ ತೆರೆಯಿತು.

ಅಲ್ಲಿ ತಯಾರಾಗುತ್ತಿದ್ದುದು ‘ಸ್ಟೀಮ್ ಬಿಯರ್’, ಹಬೆಯ ಬಿಯರ್. ಜರ್ಮನರು ತಂದ ಲಾಗರ್ ಜಾತಿಯ ಯೀಸ್ಟಿಗೆ ಚಳಿ ಬೇಕು. ಹಳೆಯ ಸಾನ್ ಫ್ರಾನ್ಸಿಸ್ಕೋದಲ್ಲಿ ಮಂಜುಗಡ್ಡೆ ದುರ್ಲಭ. ಆದುದರಿಂದ ಆ ಜನ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಗಳಲ್ಲಿ ಹರಡಿ, ಸಮುದ್ರದ ತಂಗಾಳಿಯನ್ನೇ ನಂಬಿ, ಯೀಸ್ಟಿಗೆ ಒಗ್ಗದ ಸೆಕೆಯಲ್ಲಿಯೇ ಅದರಿಂದ ಕೆಲಸ ಮಾಡಿಸಿದರು. ಬಡತನದ ಈ ಉಪಾಯದಿಂದ ಬೇರೆಲ್ಲಿಯೂ ಇಲ್ಲದ ಒಂದು ರುಚಿ ಹುಟ್ಟಿತು. ಹೆಸರಿನ ವಿಷಯದಲ್ಲಿ ಮಾತ್ರ ವಾದವಿದೆ. ಪೀಪಾಯಿಯನ್ನು ತೆರೆದಾಗ ಒಳಗಿನ ಒತ್ತಡವು ಬುಸ್ಸೆಂದು ಹೊರಡುತ್ತಿದ್ದಿತೆಂದು ಕೆಲವರು, ಛಾವಣಿಯ ಮೇಲೆ ಆರಲು ಬಿಟ್ಟ ಬಿಸಿರಸದಿಂದ ಹಬೆ ಏಳುತ್ತಿದ್ದಿತೆಂದು ಕೆಲವರು ಹೇಳುತ್ತಾರೆ. ವ್ಯುತ್ಪತ್ತಿಕಾರರು ಒಮ್ಮತಕ್ಕೆ ಬಂದ ದೇಶ ಯಾವುದಿದೆ?

೧೯೬೫ರಲ್ಲಿ ಫ್ರಿಟ್ಸ್ ಮೇಟ್ಯಾಗ್ ಎಂಬ, ಮೂವತ್ತು ತುಂಬದ ತರುಣನು ತನಗೆ ಮೆಚ್ಚಿಗೆಯಾದ ಒಂದು ಭೋಜನಗೃಹದಲ್ಲಿ ಕುಳಿತು ಈ ಬಿಯರನ್ನೇ ಕುಡಿಯುತ್ತಿದ್ದನು. ಬ್ರೂಯರಿಯು ಇನ್ನು ಕೆಲವು ದಿನಗಳಲ್ಲಿ ಮುಚ್ಚಿಹೋಗುವುದು, ಹೋಗಿ ನೋಡಿ ಬಾ ಎಂದು ಭೋಜನಗೃಹದ ಯಜಮಾನನು ಹೇಳಿದನಂತೆ. ಹೋಗಿ ನೋಡಿದವನು ಅದರ ಅರ್ಧಕ್ಕಿಂತ ತುಸು ಹೆಚ್ಚು ಪಾಲನ್ನು ಕೆಲವೇ ಸಾವಿರ ಡಾಲರುಗಳಿಗೆ ಕೊಂಡುಬಿಟ್ಟನು. ಅವನ ಮುತ್ತಜ್ಜನು ಬಟ್ಟೆ ಒಗೆಯುವ ಯಂತ್ರಗಳಿಂದ ಐಶ್ವರ್ಯವಂತನಾದವನು. ತಂದೆಯು ಅಯೋವಾ ಪ್ರಾಂತದಲ್ಲಿ ನೀಲಿ ಬೂಷ್ಟಿನ ಚೀಸನ್ನು ತಯಾರಿಸಿ ಹೆಸರಾದವನು. ಹಣವು ಮುತ್ತಜ್ಜನಿಂದ ಬಂದಿರಬಹುದು. ಆದರೆ ಈ ಕೆಲಸಕ್ಕೆ ಬೇಕಾದ ಬುದ್ಧಿಯು ತಂದೆಯ ಕಡೆಯದು. ಬೂಷ್ಟನ್ನು ಶತ್ರುವೆಂದು ಓಡಿಸದೆ ಪಳಗಿಸಿ ರುಚಿಗೆ ತಿರುಗಿಸುವ ವಿದ್ಯೆ ಆ ಮನೆಯಲ್ಲಿದ್ದಿತು.

ಕೊಂಡ ಮೇಲೆ ತಿಳಿದ ಸಂಗತಿಯೆಂದರೆ, ಬಿಯರ್ ಬಹುಮಟ್ಟಿಗೆ ಹುಳಿಯಾಗಿರುತ್ತಿದ್ದಿತು. ಹಳೆಯ ಸಲಕರಣೆಗಳ ಸಂದಿಗೊಂದಿಗಳಲ್ಲಿ ಕರೆಯದ ಸೂಕ್ಷ್ಮಜೀವಿಗಳು ಬೀಡುಬಿಟ್ಟಿದ್ದುವು. ಮೇಟ್ಯಾಗನು ಸೂಕ್ಷ್ಮದರ್ಶಕವನ್ನು ತಂದಿಟ್ಟನು. ಫ್ರಾನ್ಸಿನ ಲೂಯಿ ಪಾಶ್ಚರ್ ೧೮೭೬ರಲ್ಲಿ ಬಿಯರಿನ ಕಾಯಿಲೆಗಳನ್ನು ಕುರಿತು ಬರೆದ ಗ್ರಂಥವನ್ನು ಓದಿದನು. ತೊಳೆದನು, ತಿಕ್ಕಿದನು, ಮತ್ತೆ ತೊಳೆದನು. ವ್ಯಾಪಾರದ ಇತಿಹಾಸಗಳಲ್ಲಿ ಈ ಭಾಗವನ್ನು ಒಂದು ವಾಕ್ಯದಲ್ಲಿ ಮುಗಿಸುವುದು ವಾಡಿಕೆ. ನಿಜವಾಗಿ ಇದೇ ಆ ಇತಿಹಾಸದ ತಿರುಳು. ಲಾಭದ ಮುಖವನ್ನು ಕಾಣಲು ಸುಮಾರು ಹತ್ತು ವರ್ಷಗಳು ಹಿಡಿದುವು. ಆ ಕಾಲದ ದೊಡ್ಡ ಕಾರ್ಖಾನೆಗಳು ಅಕ್ಕಿಯನ್ನೂ ಮೆಕ್ಕೆಜೋಳವನ್ನೂ ಬೆರಸಿ ತೆಳ್ಳನೆಯ, ಎಲ್ಲ ಊರಲ್ಲೂ ಒಂದೇ ತೆರನಾದ ಬಿಯರನ್ನು ಹೊಳೆಯಂತೆ ಹರಿಸುತ್ತಿದ್ದುವು. ಅವನು ಬಾರ್ಲಿಯ ಮಾಲ್ಟ್ ಮತ್ತು ಇಡಿಯ ಹಾಪ್ ಹೂಗಳೆಂಬ ನಿಯಮವನ್ನು ಬಿಡಲಿಲ್ಲ.

೧೯೭೧ರಲ್ಲಿ ಸೀಸೆಗೆ ತುಂಬುವ ಕೆಲಸ ಮೊದಲಾಯಿತು. ಹೀಗೆ ಸೀಸೆಯಲ್ಲಿ ದೂರ ದೂರ ಹೋದ ಸ್ಟೀಮ್ ಬಿಯರಿನ ರುಚಿಯನ್ನು ಮೊದಲು ಹೇಳಬೇಕು. ಲೋಟಕ್ಕೆ ಸುರಿದರೆ ತಿಕ್ಕಿದ ತಾಮ್ರದ ಬಣ್ಣ. ಮೇಲೆ ಕಡೆದ ಬೆಣ್ಣೆಯಂಥ ದಪ್ಪನೆಯ ನೊರೆ, ಬೇಗ ಇಳಿಯದು. ಮೂಗಿಗೆ ಹುರಿದ ಧಾನ್ಯದ ಕಂಪು, ಅದರ ಹಿಂದೆ ಕಾಸಿದ ಸಕ್ಕರೆಯ ಎಳೆ. ನಾಲಗೆಯ ಮೇಲೆ ಸಿಹಿಯಾಗಿಯೇ ಬಂದು, ನುಂಗುವಷ್ಟರಲ್ಲಿ ಒಣಕಟ್ಟಿಗೆಯನ್ನೂ ಪುದೀನವನ್ನೂ ನೆನಪಿಗೆ ತರುವ ಕಹಿಯಾಗಿ ಮುಗಿಯುತ್ತಿದ್ದಿತು. ಮದ್ಯಸಾರ ನೂರಕ್ಕೆ ಐದು ಪಾಲಿನಷ್ಟೂ ಇಲ್ಲ. ಗದ್ದಲವಿಲ್ಲದ, ಮರ್ಯಾದಸ್ಥ ಬಿಯರ್. ಇದನ್ನು ಹೊಗಳಲು ಎರಡನೆಯ ಲೋಟ ಬೇಕಾಗುತ್ತಿದ್ದಿತೆಂಬುದು ಇದರ ಗುಣವೂ ಹೌದು, ದೋಷವೂ ಹೌದು.

೧೯೭೫ರ ಲಿಬರ್ಟಿ ಏಲ್‌ಗೆ ಇಂಥ ಸಂಕೋಚವಿರಲಿಲ್ಲ. ಪಾಲ್ ರೆವೀರನು ಅಮೆರಿಕೆಯ ಸ್ವಾತಂತ್ರ್ಯ ಸಂಗ್ರಾಮದ ಮುನ್ನಾದಿನ ಕುದುರೆಯೇರಿ ಎಚ್ಚರಿಕೆ ಸಾರಿದುದಕ್ಕೆ ಇನ್ನೂರು ವರ್ಷ ತುಂಬಿದ ನೆನಪಿಗಾಗಿ ಅದನ್ನು ತಯಾರಿಸಿದರು. ೧೯೭೨ರಲ್ಲಷ್ಟೇ ಬಳಕೆಗೆ ಬಿಡುಗಡೆಯಾಗಿದ್ದ ಕ್ಯಾಸ್ಕೇಡ್ ಎಂಬ ಹೊಸ ಹಾಪ್ ಹೂವನ್ನು ಕುದಿಯುವಾಗ ಮಾತ್ರವಲ್ಲದೆ ತಣ್ಣಗಾದ ಬಳಿಕವೂ ಅದರಲ್ಲಿ ನೆನೆಯಿಟ್ಟರು. ಫಲವೇನೆಂದರೆ ಚಕ್ಕೋತದ ಸಿಪ್ಪೆಯನ್ನು ಈಗ ತಾನೇ ಸುಲಿದಂಥ ಪರಿಮಳ; ಅದರೊಳಗೆ ದೇವದಾರು ಮರದ ಅಂಟಿನ ವಾಸನೆ; ಬಣ್ಣ ತಿಳಿಹೊನ್ನು; ಬಾಯಲ್ಲಿ ಸಣ್ಣ ಸಣ್ಣ ಗುಳ್ಳೆಗಳ ಚುರುಕು. ಕಹಿಯೇ ಇಲ್ಲಿ ನಾಯಕ. ಹಾಗಲಕಾಯಿಯನ್ನು ಬೇಡಿ ಉಣ್ಣುವ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಅಮೆರಿಕೆಯ ನಾಲಗೆಗೆ ಮಾತ್ರ ಅದು ಹೊಸ ಪಾಠವಾಗಿದ್ದಿತು. ಮುಂದೆ ಅಲ್ಲಿಯ ನೂರಾರು ಬ್ರೂಯರಿಗಳು ಬೆಳೆಸಿದ ಕಹಿಬಿಯರುಗಳ ಮೂಲವನ್ನು ಹುಡುಕುವವರು ಬಹಳವಾಗಿ ಇಲ್ಲಿಗೇ ಬಂದು ನಿಲ್ಲುತ್ತಾರೆ.

ಪೋರ್ಟರ್ ಕಪ್ಪು: ಕಾಫಿಬೀಜ, ಕೋಕೋ, ಸ್ವಲ್ಪ ಅತಿಮಧುರ. ಒಳ್ಳೆಯದೇ, ಆದರೆ ಚಳಿನಾಡಿಗೆ ಹೊಂದುವಂಥದು. ಓಲ್ಡ್ ಫಾಗ್‌ಹಾರ್ನ್ ಎಂಬುದರ ಕಥೆ ಬೇರೆ. ಕಾಫಿಯ ಫಿಲ್ಟರಿನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್‌ಗೂ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದುದಕ್ಕೂ ಇರುವ ಅಂತರ ಯಾವ ಮನೆಗೆ ಗೊತ್ತಿಲ್ಲ! ಫಾಗ್‌ಹಾರ್ನಿಗೆ ಮಾಲ್ಟಿನ ಮೊದಲ ರಸವೊಂದೇ ಸಲ್ಲುತ್ತಿದ್ದಿತು. ಕೆಂಪುಗಪ್ಪು ಬಣ್ಣ, ಒಣದ್ರಾಕ್ಷಿಯ ಮತ್ತು ಬೆಲ್ಲದ ಪಾಕದ ದಟ್ಟ ರುಚಿ, ಗಂಟಲಲ್ಲಿ ಬೆಚ್ಚನೆ. ಸಣ್ಣ ಬಟ್ಟಲಿನಲ್ಲಿ ಗುಟುಕರಿಸತಕ್ಕದ್ದು. ಅದೇ ಕಾಳಿನಿಂದ ಎರಡನೆಯ ಸಲ ಇಳಿಸಿದ ರಸದಿಂದ ಮುಂದೆ ತೆಳುವಾದ ‘ಸ್ಮಾಲ್ ಬಿಯರ್’ ಒಂದನ್ನೂ ಮಾಡಿದರು. ಜಿಪುಣತನಕ್ಕೂ ಸಂಪ್ರದಾಯಕ್ಕೂ ಹೀಗೆ ಒಮ್ಮೊಮ್ಮೆ ಒಂದೇ ದಾರಿ.

ಕ್ರಿಸ್ಮಸ್ ಏಲ್ ೧೯೭೫ರಿಂದ ವರ್ಷಕ್ಕೊಮ್ಮೆ ಬರುತ್ತಿದ್ದಿತು. ವರ್ಷ ವರ್ಷಕ್ಕೂ ಪಾಕ ಬೇರೆ, ಚೀಟಿಯ ಮೇಲೆ ಕೈಯಿಂದ ಬರೆದ ಮರದ ಚಿತ್ರವೂ ಬೇರೆ. ಸಂಬಾರಗಳು ಯಾವುವೆಂಬುದನ್ನು ಹೇಳುತ್ತಿರಲಿಲ್ಲ. ಜಾಯಿಕಾಯಿ, ಚಕ್ಕೆ, ಎಂದು ಕುಡಿದವರು ಊಹಿಸಿ ಜಗಳವಾಡುತ್ತಿದ್ದರು. ಇನ್ನೂ ಒಂದು ವಿನೋದವುಂಟು. ನಿನ್‌ಕಾಸಿ ಎಂಬುವಳು ಪ್ರಾಚೀನ ಸುಮೇರ್ ಜನರ ಬಿಯರ್ ದೇವತೆ. ಜೇಡಿಮಣ್ಣಿನ ಹಲಗೆಯ ಮೇಲಿನ ಅವಳ ಸ್ತೋತ್ರವನ್ನು ಆಧರಿಸಿ, ೧೯೮೯ರಲ್ಲಿ ಮೇಟ್ಯಾಗನು ವಿದ್ವಾಂಸರ ನೆರವಿನಿಂದ ಬಾರ್ಲಿಯ ರೊಟ್ಟಿ ಸುಟ್ಟು, ಜೇನು ಖರ್ಜೂರಗಳನ್ನು ಸೇರಿಸಿ, ಹಾಪ್ ಇಲ್ಲದ ಬಿಯರನ್ನು ಮಾಡಿಸಿದನು. ಅತಿಥಿಗಳು ಅದನ್ನು ಪುರಾತನ ಕ್ರಮದಂತೆ ಹೂಜಿಗಳಿಂದ ಕೊಳವೆಗಳ ಮೂಲಕ ಹೀರಿದರು. ವ್ಯಾಪಾರಿಯ ಲೆಕ್ಕದಲ್ಲಿ ಇಂಥದಕ್ಕೆ ಸ್ಥಾನವಿಲ್ಲ. ಆ ಮನುಷ್ಯನ ಸ್ವಭಾವವು ಇದರಿಂದಲೇ ಚೆನ್ನಾಗಿ ತಿಳಿಯುತ್ತದೆ.

೧೯೭೯ರಲ್ಲಿ ಬ್ರೂಯರಿಯು ಮರಿಪೋಸಾ ಬೀದಿಯ ಕಟ್ಟಡಕ್ಕೆ ಸ್ಥಳಾಂತರ ಹೊಂದಿತು. ಅದು ಮೊದಲು ಕಾಫಿ ಹುರಿಯುವ ಕಾರ್ಖಾನೆಯಾಗಿದ್ದಿತು. ಜರ್ಮನಿಯಿಂದ ತಂದ ತಾಮ್ರದ ಹಂಡೆಗಳು ಅಲ್ಲಿ ಹೊಳೆದುವು. ಬೇಡಿಕೆಯು ಉತ್ಪತ್ತಿಯನ್ನು ಮೀರಿತು. ಯಾರಾದರೂ ಇನ್ನೊಂದು ಕಾರ್ಖಾನೆ ಕಟ್ಟುವ ಸಮಯ. ಅವನು ಕಟ್ಟದೆ, ಇದ್ದುದನ್ನೇ ಅಂಗಡಿಗಳಿಗೆ ಪಾಲುಹಚ್ಚಿ ಕೊಟ್ಟನು. ಒಮ್ಮೆ ಷೇರುಗಳನ್ನು ಸಾರ್ವಜನಿಕರಿಗೆ ಮಾರಿ ದೊಡ್ಡದಾಗುವ ಆಲೋಚನೆಯನ್ನು ಮಾಡಿ, ಕೊನೆಗೆ ಕೈಬಿಟ್ಟನು. ತನ್ನ ವಿದ್ಯೆಯನ್ನು ಮಾತ್ರ ಬಚ್ಚಿಡಲಿಲ್ಲ. ೧೯೭೬ರಲ್ಲಿ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂಯರಿಯನ್ನು ತೆರೆದ ಜ್ಯಾಕ್ ಮೆಕಾಲಿಫ್, ೧೯೮೦ರಲ್ಲಿ ಚೀಕೋ ಪಟ್ಟಣದಲ್ಲಿ ಸಿಯೆರಾ ನೆವಾಡವನ್ನು ಆರಂಭಿಸಿದ ಕೆನ್ ಗ್ರಾಸ್ಮನ್ ಇವರು ಆಂಕರನ್ನು ಕಂಡು ಧೈರ್ಯ ತಳೆದವರು. ಮೊದಲನೆಯದು ಆರು ವರ್ಷಗಳಲ್ಲಿ ಮುಚ್ಚಿತು. ಎರಡನೆಯದು ಬೆಳೆದು ಬೆಳೆದು ಗುರುವಿನ ಹಲವು ಪಟ್ಟು ದೊಡ್ಡದಾಯಿತು. ೧೯೭೦ರ ದಶಕದ ಕೊನೆಗೆ ಇಡೀ ಅಮೆರಿಕೆಯಲ್ಲಿ ನೂರೂ ಇರದಿದ್ದ ಬ್ರೂಯರಿಗಳು ೨೦೨೩ರ ವೇಳೆಗೆ ಒಂಬತ್ತು ಸಾವಿರವನ್ನು ದಾಟಿದ್ದುವು. ಬೆಂಗಳೂರಿನಲ್ಲಿ ೨೦೧೦ರಿಂದೀಚೆಗೆ ತಲೆಯೆತ್ತಿದ ಕಿರುಬ್ರೂಯರಿಗಳೂ ದೂರದ ಸಂಬಂಧದಿಂದ ಇದೇ ವಂಶಕ್ಕೆ ಸೇರಿದುವು.

ಶಿಷ್ಯರ ಸಂಖ್ಯೆ ಹೆಚ್ಚಿದಂತೆ ಗುರುವಿನ ಅಂಗಡಿಯಲ್ಲಿ ಗಿರಾಕಿ ಕಡಮೆಯಾದರೆ ಅದು ಯಾರ ತಪ್ಪು? ೨೦೧೦ರಲ್ಲಿ ಮೇಟ್ಯಾಗನು ಬ್ರೂಯರಿಯನ್ನು ಮಾರಿ ನಿವೃತ್ತನಾದನು. ೨೦೧೭ರಲ್ಲಿ ಅದು ಜಪಾನಿನ ಸಪ್ಪೋರೊ ಕಂಪನಿಯ ಪಾಲಾಯಿತು. ೨೦೧೯ರಲ್ಲಿ ಕೆಲಸಗಾರರು ಸಂಘ ಕಟ್ಟಿದರು. ೨೦೨೧ರಲ್ಲಿ ಹಳೆಯ ಚೀಟಿಗಳನ್ನು ತೆಗೆದು ಕಣ್ಣಿಗೆ ಹೊಡೆಯುವ ಹೊಸ ಬಣ್ಣದ ಚೀಟಿಗಳನ್ನು ಅಂಟಿಸಿದಾಗ ಹಳೆಯ ಗಿರಾಕಿಗಳು ಮನೆಯವರ ಮುಖವೇ ಬದಲಾದಂತೆ ನೊಂದುಕೊಂಡರು. ಚೀಟಿಯಿಂದ ರುಚಿ ಕೆಡದೆಂಬುದು ತರ್ಕ. ಆದರೆ ನಾಲಗೆಯು ತರ್ಕಶಾಸ್ತ್ರವನ್ನು ಓದಿದುದಲ್ಲ. ೨೦೨೩ರ ಬೇಸಗೆಯಲ್ಲಿ, ಆ ವರ್ಷ ಕ್ರಿಸ್ಮಸ್ ಏಲ್ ಇಲ್ಲವೆಂಬ ಸುದ್ದಿ ಮೊದಲು ಹೊರಟಿತು; ಜುಲೈ ತಿಂಗಳಲ್ಲಿ ಬ್ರೂಯರಿಯೇ ಮುಚ್ಚುವುದೆಂಬ ಪ್ರಕಟಣೆ ಬಂದಿತು. ಜನರು ಸಾಲುಗಟ್ಟಿ ನಿಂತು ಕೊನೆಯ ಸೀಸೆಗಳನ್ನು ಕೊಂಡರು. ಕೆಲಸಗಾರರು ತಾವೇ ಒಟ್ಟಾಗಿ ಅದನ್ನು ಕೊಂಡು ನಡೆಸುವುದಾಗಿ ಮುಂದೆ ಬಂದರು, ಅದು ಕೈಗೂಡಲಿಲ್ಲ.

೨೦೨೪ರ ಮೇ ತಿಂಗಳ ಕೊನೆಯಲ್ಲಿ ಹಂಡೆಗಳು, ಕಟ್ಟಡ, ಪಾಕಗಳು, ಹೆಸರು ಎಲ್ಲವನ್ನೂ ಹಮ್ದಿ ಉಲುಕಾಯ ಎಂಬುವನು ಕೊಂಡನು. ತುರ್ಕಿಯಲ್ಲಿ ಕುರಿ ಸಾಕುವ ಮನೆತನದಲ್ಲಿ ಹುಟ್ಟಿ, ಅಮೆರಿಕೆಗೆ ಹೋಗಿ ಮೊಸರು ಮಾರಿ ಕೋಟ್ಯಧೀಶನಾದವನು ಅವನು.